ಫೈಲ್ ಮನೆಗೂ ಬರುತ್ತದೆ, ನಿದ್ದೆ ಮಾತ್ರ ಬರೋದಿಲ್ಲ

ಈ ಸಲ ಗೃಹ ಸಾಲ ವಿಭಾಗದಲ್ಲಿ ಕೆಲಸ ಮಾಡುವವರ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸೇಲ್ಸ್‌ನವರು, ದಾಖಲೆ ಕೂಡಿಸುವ ಪ್ರೊಸೆಸಿಂಗ್‌ನವರು, ಸಾಲ ಕೊಡಬಹುದೇ ಎಂದು ತೀರ್ಮಾನಿಸುವ ಕ್ರೆಡಿಟ್‌ನವರು ಎಲ್ಲರೂ ಬರೆದಿದ್ದಾರೆ. ಸಾಲ ತೆಗೆದುಕೊಳ್ಳುವವರ ಕಷ್ಟದ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ, ಮೇಜಿನ ಈಚೆ ಕೂತವರ ಬಗ್ಗೆ ಕೇಳುವವರು ಕಡಿಮೆ. ನಾನೂ ಕೆಲವು ವರ್ಷ ಕ್ರೆಡಿಟ್ ಡೆಸ್ಕ್‌ನಲ್ಲಿ ಕೂತವಳು. ಹಾಗಾಗಿ ಈ ಪತ್ರಗಳಲ್ಲಿ ಯಾವುದೂ ನನಗೆ ಹೊಸದು ಅನ್ನಿಸಲಿಲ್ಲ, ಆದರೆ ಯಾವುದನ್ನೂ ಸುಮ್ನೆ ಪಕ್ಕಕ್ಕಿಡಲೂ ಆಗಲಿಲ್ಲ. ಹೆಸರು ಬೇಡ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಲೋನ್ ಪ್ರೊಸೆಸಿಂಗ್‌ನಲ್ಲಿದ್ದೇನೆ. ತಿಂಗಳ ಕೊನೆ ಬಂತೆಂದರೆ ಕೈತುಂಬ ಫೈಲ್. ರಾತ್ರಿ ಮಲಗಿದರೆ ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಯಾರದ್ದೋ ಲೀಗಲ್ ರಿಪೋರ್ಟ್ ಬಂದಿಲ್ಲ, ಯಾರದ್ದೋ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಒಂದು ತಿಂಗಳೇ ಇಲ್ಲ. ಮಧ್ಯರಾತ್ರಿ ಎದ್ದು ಫೋನ್ ನೋಡುತ್ತೇನೆ. ಆ ದಿನದ ಕೆಲಸ ಮುಗಿಸಿಯೇ ಬಂದಿರುತ್ತೇನೆ, ಆದರೂ ಹೀಗೆ. ಏನು ಮಾಡಲಿ?

ಉತ್ತರ: ನಿಮ್ಮ ಕೆಲಸದಲ್ಲಿ ದಿನ ಮುಗಿಯುತ್ತದೆ, ಫೈಲ್ ಮುಗಿಯುವುದಿಲ್ಲ. ಅರ್ಜಿ ದಾಖಲಾಗಿ ಲಾಗಿನ್ ಆದ ದಿನದಿಂದ ಸಾಲದ ಹಣ ಬಿಡುಗಡೆಯಾಗುವ ಡಿಸ್ಬರ್ಸ್‌ಮೆಂಟ್ ಆಗುವವರೆಗೆ ಅದು ವಾರಗಟ್ಟಲೆ ತೆರೆದೇ ಇರುತ್ತದೆ, ಅದರಲ್ಲಿ ನಿಮ್ಮ ಕೈಯಲ್ಲಿರುವ ಭಾಗ ಸ್ವಲ್ಪವೇ. ಉಳಿದದ್ದು ವಕೀಲರ ಹತ್ತಿರ, ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಹತ್ತಿರ, ಗ್ರಾಹಕರ ಹತ್ತಿರ, ಅವರ ಕಂಪನಿಯ ಎಚ್‌ಆರ್ ಹತ್ತಿರ. ಆದರೆ 'ಏನಾಯ್ತು ನಮ್ಮ ಲೋನ್' ಅನ್ನುವ ಫೋನ್ ಮಾತ್ರ ನಿಮಗೇ ಬರುತ್ತದೆ. ತಲೆ ರಾತ್ರಿಯೆಲ್ಲ ಓಡುವುದಕ್ಕೆ ಇಷ್ಟು ಸಾಕು.

ಇದರ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದು. 57 ಜನರನ್ನು ನಿದ್ದೆ ಅಳೆಯುವ ಲ್ಯಾಬ್‌ನಲ್ಲಿ ಮಲಗಿಸಿದರು. ಮಲಗುವ ಮುಂಚೆ 5 ನಿಮಿಷ ಕೆಲವರು ಮುಗಿಸಿದ ಕೆಲಸಗಳ ಬಗ್ಗೆ ಬರೆದರು, ಉಳಿದವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಮಾಡಬೇಕಾದ್ದನ್ನು ಬರೆದವರಿಗೆ ಬೇಗ ನಿದ್ದೆ ಬಂತು. ಅದರಲ್ಲೂ ಎಷ್ಟು ಬಿಡಿಸಿ ಬರೆದರೋ ಅಷ್ಟು ಬೇಗ. ಕೆಲಸ ಮುಗಿದಿರಲೇಬೇಕು ಎಂದೇನಿಲ್ಲ, ಅದಕ್ಕೊಂದು ಜಾಗ ಗೊತ್ತಾದರೆ ಮನಸ್ಸು ಬಿಟ್ಟುಕೊಡುತ್ತದೆ.

ಹಾಗಾಗಿ ಆಫೀಸಿನಿಂದ ಏಳುವ ಮುಂಚೆ ಹತ್ತು ನಿಮಿಷ ಎತ್ತಿಡಿ. ಸಿಕ್ಕಿಹಾಕಿಕೊಂಡಿರುವ ಪ್ರತಿ ಫೈಲ್‌ಗೂ ಒಂದು ಸಾಲು ಬರೆಯಿರಿ. ಏನು ಬಾಕಿ, ಯಾರ ಹತ್ತಿರ ಬಾಕಿ, ನಾಳೆ ನಾನು ಏನು ಮಾಡುತ್ತೇನೆ. 'ಫಾಲೋಅಪ್' ಎಂದು ಒಂದೇ ಪದ ಬರೆದರೆ ಏನೂ ಪ್ರಯೋಜನವಿಲ್ಲ, ಅದು ರಾತ್ರಿ ಮತ್ತೆ ಎದ್ದು ಬರುತ್ತದೆ. 'ಸ್ಟೇಟ್‌ಮೆಂಟ್‌ನಲ್ಲಿ ಮಾರ್ಚ್ ಇಲ್ಲ, ಗ್ರಾಹಕರು ಕೊಡಬೇಕು, ನಾಳೆ ಹತ್ತೂವರೆಗೆ ಫೋನ್, ಸಂಜೆಯೊಳಗೆ ಬರದಿದ್ದರೆ ಸೇಲ್ಸ್‌ನವರಿಗೆ ತಿಳಿಸುವುದು' ಎಂದು ಬರೆದರೆ ಆ ಫೈಲ್ ಅಲ್ಲೇ ಆಫೀಸಿನಲ್ಲಿ ಉಳಿಯುತ್ತದೆ.

ಇನ್ನೊಂದು, ಗ್ರಾಹಕರು ಕೇಳುವ ಮುಂಚೆ ನೀವೇ ಹೇಳಿಬಿಡಿ. ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಂಡು ಎಲ್ಲರಿಗೂ ಒಂದೊಂದು ಮೆಸೇಜ್ ಹಾಕಿ, ಏನೂ ಆಗದಿದ್ದರೂ ಸರಿ. 'ಲೀಗಲ್ ರಿಪೋರ್ಟ್ ಇನ್ನೂ ಬಂದಿಲ್ಲ, ಶುಕ್ರವಾರ ಮತ್ತೆ ತಿಳಿಸುತ್ತೇನೆ.' ಇಷ್ಟು ಗೊತ್ತಿದ್ದವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುವುದಿಲ್ಲ. ಜನರಿಗೆ ತಡ ಆಗುವುದಕ್ಕಿಂತ ಏನೂ ಗೊತ್ತಾಗದೇ ಇರುವುದೇ ಜಾಸ್ತಿ ಕಾಡುವುದು, ಅಲ್ವಾ? ನಿಮಗೂ ಅದೇ. ಮತ್ತೆ ಫೋನನ್ನು ಮಲಗುವ ಕೋಣೆಯ ಹೊರಗಿಡಿ. ಮಧ್ಯರಾತ್ರಿ ಯಾವ ವಕೀಲರೂ ರಿಪೋರ್ಟ್ ಕಳಿಸುವುದಿಲ್ಲ.

ತಿಂಗಳ ಕೊನೆ ಕಳೆದ ಮೇಲೂ ನಿದ್ದೆ ಹತ್ತದೆ ವಾರಗಟ್ಟಲೆ ಹೀಗೇ ನಡೆದರೆ, ಊಟ ಸೇರದಿದ್ದರೆ, ಬೆಳಿಗ್ಗೆ ಏಳಲೇ ಮನಸ್ಸಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಪಟ್ಟಿ ಬರೆಯುವುದರಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ.

ಪ್ರಶ್ನೆ: ನಾನು ಕ್ರೆಡಿಟ್ ಆಫೀಸರ್. ಈಚೆಗೆ ಒಬ್ಬ ದಂಪತಿಯ ಅರ್ಜಿ ರಿಜೆಕ್ಟ್ ಮಾಡಬೇಕಾಯಿತು. ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದರು. ಮೊದಲೇ ಎರಡು ಸಾಲ ಇತ್ತು, ಇದೂ ಸೇರಿದರೆ ಸಂಬಳದ ಮುಕ್ಕಾಲು ಭಾಗ ಕಂತಿಗೇ ಹೋಗುತ್ತಿತ್ತು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೆ ಆಕೆ ನನ್ನ ಮುಂದೆ ಕೂತು ಅತ್ತರು. ಈಗ ಯಾವ ಫೈಲ್ ತೆರೆದರೂ ಆ ಮುಖವೇ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ನೀವು ಲಾಯಕ್ಕಾದವರೇ. ಎದುರಿಗೆ ಕೂತವರು ಅತ್ತರೂ ಏನೂ ಅನ್ನಿಸದವರು ಆ ಕುರ್ಚಿಯಲ್ಲಿ ಕೂತರೆ ನನಗೆ ಭಯವಾಗುತ್ತದೆ.

ಮೊದಲು ಲೆಕ್ಕ ನೋಡೋಣ, ಯಾಕೆಂದರೆ ನಿಮ್ಮ ನಿರ್ಧಾರ ನಿಂತಿರುವುದು ಲೆಕ್ಕದ ಮೇಲೆ. ಶೇಕಡ 9 ಬಡ್ಡಿ, 20 ವರ್ಷ ಅಂದರೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 150 ಮಾತ್ರ. ಅಂದರೆ ಮೊದಲ ಕೆಲವು ವರ್ಷ ಎಷ್ಟು ಕಟ್ಟಿದರೂ ಸಾಲ ಇಳಿದ ಹಾಗೇ ಕಾಣುವುದಿಲ್ಲ. ಬಡ್ಡಿ ಶೇಕಡ 11ಕ್ಕೆ ಏರಿತು ಅಂದುಕೊಳ್ಳಿ, 20 ವರ್ಷದ ಲೆಕ್ಕದಲ್ಲಿ ಅದೇ ಕಂತು ಸುಮಾರು 1,030 ದಾಟುತ್ತದೆ. ಬಡ್ಡಿ ಏರಿದ್ದು ಎರಡೇ ಅಂಶ, ಕಂತು ಏರಿದ್ದು ನೂರಕ್ಕೆ ಹದಿನೈದರ ಹತ್ತಿರ. ಇದೇನೂ ಕಲ್ಪನೆಯ ಮಾತಲ್ಲ, 2022ರಿಂದ ಎಷ್ಟೋ ದೇಶಗಳ ಕೇಂದ್ರ ಬ್ಯಾಂಕ್‌ಗಳು ಒಂದರ ಹಿಂದೆ ಒಂದು ಬಡ್ಡಿ ಏರಿಸಿದಾಗ ಆಗಾಗ ಬದಲಾಗುವ ಫ್ಲೋಟಿಂಗ್ ದರದಲ್ಲಿ ಸಾಲ ಮಾಡಿದವರು ಅನುಭವಿಸಿದ್ದು ಇದನ್ನೇ. ಕಂತು ಏರದಿದ್ದರೆ ಸಾಲದ ಅವಧಿ ಏರಿತು. ಸಂಬಳದ ಮುಕ್ಕಾಲು ಭಾಗ ಕಂತಿಗೆ ಕೊಡುವ ಮನೆಯಲ್ಲಿ ಆ ಹದಿನೈದು ಎಲ್ಲಿಂದ ಬರಬೇಕು? ಆಕೆ ಅಂದು ನಿಮ್ಮ ಮುಂದೆ ಅತ್ತರು. ಸಾಲ ಕೊಟ್ಟಿದ್ದರೆ ನೀವು ನೋಡದ ಜಾಗದಲ್ಲಿ ಅಳುತ್ತಿದ್ದರು, ಅದೂ ವರ್ಷಗಟ್ಟಲೆ.

ಅಮೆರಿಕದಲ್ಲಿ 2008ಕ್ಕೆ ಮುಂಚೆ ಆದಾಯದ ದಾಖಲೆ ಸರಿಯಾಗಿ ನೋಡದೆಯೇ ಗೃಹ ಸಾಲ ಹಂಚಿದ ಕಾಲವೊಂದಿತ್ತು. ಬೇಡ ಅಂದವರ ಮಾತು ಆಗ ನಡೆಯಲಿಲ್ಲ. ಎಲ್ಲರೂ ಖುಷಿಯಾಗಿ ಸಹಿ ಹಾಕಿ ಹೋದರು, ಆಮೇಲೆ ಲಕ್ಷಗಟ್ಟಲೆ ಕುಟುಂಬಗಳು ಮನೆ ಕಳೆದುಕೊಂಡವು. ನಿಮ್ಮ 'ಆಗುವುದಿಲ್ಲ' ಎಂಬ ಮಾತಿಗೆ ಇರುವ ಬೆಲೆ ಇದು.

ಇಷ್ಟು ಗೊತ್ತಿದ್ದ ಮಾತ್ರಕ್ಕೆ ಮನಸ್ಸು ಹಗುರಾಗುತ್ತದೆಯೇ ಅಂದರೆ, ಇಲ್ಲ. ಒಳಗೆ ಒಂದು ಅನ್ನಿಸುತ್ತಿರುವಾಗ ಮುಖದಲ್ಲಿ ಇನ್ನೊಂದು ತೋರಿಸಬೇಕಾದ ಕೆಲಸ ನಿಮ್ಮದು. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲೇ ಇದನ್ನು ಎಮೋಷನಲ್ ಲೇಬರ್ ಎಂದು ಗುರುತಿಸಿದರು. ಅವರು ಗಮನಿಸಿದ್ದು ವಿಮಾನದ ಗಗನಸಖಿಯರನ್ನು, ಜೊತೆಗೆ ಬಾಕಿ ವಸೂಲಿ ಮಾಡುವವರನ್ನು. ಮೈ ದಣಿಯುವ ಕೆಲಸದಷ್ಟೇ ಇದೂ ದಣಿಸುತ್ತದೆ, ಸಂಬಳದ ಲೆಕ್ಕದಲ್ಲಿ ಮಾತ್ರ ಕಾಣಿಸುವುದಿಲ್ಲ.

ದಣಿವು ಕಡಿಮೆಯಾಗಬೇಕಾದರೆ 'ಇಲ್ಲ' ಎಂದು ಹೇಳುವ ರೀತಿ ಬದಲಾಗಬೇಕು. 'ಸಿಸ್ಟಂ ರಿಜೆಕ್ಟ್ ಮಾಡಿದೆ' ಅನ್ನಬೇಡಿ. ಆ ಮಾತಿನಿಂದ ಅವರಿಗೂ ಏನೂ ಸಿಗುವುದಿಲ್ಲ, ಹೇಳಿದ ನಿಮಗೂ ಸುಳ್ಳು ಹೇಳಿದ ಹಾಗೆ ಕಸಿವಿಸಿ ಉಳಿಯುತ್ತದೆ. ಒಂದು ಕಾಗದ ತೆಗೆದುಕೊಂಡು ಅವರ ಮುಂದೆಯೇ ಬರೆಯಿರಿ. ಸಂಬಳ ಇಷ್ಟು, ಈಗಿನ ಎರಡು ಕಂತು ಇಷ್ಟು, ಹೊಸದು ಇಷ್ಟು, ಮನೆ ಖರ್ಚಿಗೆ ಉಳಿಯುವುದು ಇಷ್ಟು. ಎಷ್ಟೋ ಜನ ಆ ಕೊನೆಯ ಅಂಕಿ ನೋಡಿದಾಗ ಸುಮ್ಮನಾಗುತ್ತಾರೆ, ಯಾಕೆಂದರೆ ಅದನ್ನು ಅವರು ಅಲ್ಲಿವರೆಗೆ ಕೂಡಿ ಕಳೆದು ನೋಡಿರುವುದಿಲ್ಲ. ಆಮೇಲೆ ಏನು ಬದಲಾದರೆ ಆಗುತ್ತದೆ ಎಂಬುದನ್ನೂ ಬರೆಯಿರಿ. ಎರಡು ಸಾಲದಲ್ಲಿ ಚಿಕ್ಕದು ತೀರಿದರೆ ಎಷ್ಟಕ್ಕೆ ಅರ್ಹತೆ ಬರುತ್ತದೆ, ಗಳಿಸುವ ಇನ್ನೊಬ್ಬರು ಜೊತೆಗೆ ಸೇರಿದರೆ ಎಷ್ಟು, ಯಾವಾಗ ಮತ್ತೆ ಬರಬಹುದು. ಆ ಕಾಗದ ಅವರ ಕೈಯಲ್ಲಿ ಕೊಟ್ಟು ಕಳಿಸಿ.

ಇನ್ನು ಅಡ್ವಾನ್ಸ್ ವಿಷಯ. ನಿಮಗೆ ಜಾಸ್ತಿ ನೋವಾಗಿರುವುದು ಅದರಿಂದಲೇ ಅಂತ ನನಗೆ ಅನ್ನಿಸುತ್ತದೆ. ದುಡ್ಡು ಕೊಡುವ ಮುಂಚೆ ಅರ್ಹತೆ ನೋಡಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಇದನ್ನು ನಿಮ್ಮ ಸೇಲ್ಸ್ ತಂಡದ ಜೊತೆ ಕೂತು ಮಾತಾಡಿ. ಮೊದಲ ಭೇಟಿಯಲ್ಲೇ 'ಸಾಲ ಮಂಜೂರಾದ ಸ್ಯಾಂಕ್ಷನ್ ಪತ್ರ ಬರುವ ತನಕ ಅಡ್ವಾನ್ಸ್ ಕೊಡಬೇಡಿ' ಎಂಬ ಒಂದು ಮಾತು ಹೇಳಿಸಿದರೆ ಮುಂದೆ ಎಷ್ಟೋ ಜನ ಆ ಕುರ್ಚಿಯಲ್ಲಿ ಕೂತು ಅಳುವುದು ತಪ್ಪುತ್ತದೆ.

ಅಂಥ ಭೇಟಿ ಆದ ತಕ್ಷಣ ಮುಂದಿನ ಫೈಲ್ ತೆರೆಯಬೇಡಿ. ಎದ್ದು ಹೊರಗೆ ಹೋಗಿ ಬನ್ನಿ, ಸಹೋದ್ಯೋಗಿ ಒಬ್ಬರಿಗೆ ನಡೆದದ್ದನ್ನು ಹೇಳಿ. ಒಳಗೇ ಇಟ್ಟುಕೊಂಡರೆ ಅದರ ಕೋಪವೋ ಕರುಣೆಯೋ ಮುಂದಿನ ಅರ್ಜಿದಾರರ ಮೇಲೆ ಬೀಳುತ್ತದೆ, ಎರಡೂ ಅವರಿಗೆ ಅನ್ಯಾಯವೇ.

ಪ್ರಶ್ನೆ: ಗ್ರಾಹಕರ ಸ್ಯಾಲರಿ ಸ್ಲಿಪ್‌ನಲ್ಲಿರುವ ಮೊತ್ತಕ್ಕೂ ಅವರ ಖಾತೆಗೆ ಬಂದ ಸಂಬಳಕ್ಕೂ ತಾಳೆಯಾಗುತ್ತಿಲ್ಲ. ಮ್ಯಾನೇಜರ್‌ಗೆ ತೋರಿಸಿದೆ. 'ಟಾರ್ಗೆಟ್ ನೆನಪಿದೆಯಾ? ಮುಂದೆ ಕಳಿಸು' ಅಂದರು. ಆಗಿನಿಂದ ಹೊಟ್ಟೆಯಲ್ಲಿ ಸಂಕಟ. ಕಳಿಸದಿದ್ದರೆ ಕೆಲಸಕ್ಕೆ ಕುತ್ತು, ಕಳಿಸಿದರೆ ನನ್ನ ಸಹಿ.

ಉತ್ತರ: ಹಾಗೇ ಕಳಿಸಬೇಡಿ.

ಮೊದಲು ಗ್ರಾಹಕರನ್ನೇ ನೇರವಾಗಿ ಕೇಳಿ. ವ್ಯತ್ಯಾಸಕ್ಕೆ ಪ್ರಾಮಾಣಿಕ ಕಾರಣ ಇರಬಹುದು. ಸಂಬಳದ ಮುಂಗಡ ಕಡಿತವಾಗಿರಬಹುದು, ಇನ್ಸೆಂಟಿವ್ ಬೇರೆ ದಿನ ಬಂದಿರಬಹುದು, ಇನ್ನೊಂದು ಖಾತೆಗೆ ಹೋಗಿರಬಹುದು. ದಾಖಲೆ ತರಿಸಿ, ಅವರ ಕಂಪನಿಯಲ್ಲಿ ವಿಚಾರಿಸಿ. ತಾಳೆಯಾದರೆ ಸರಿ, ಎಲ್ಲರಿಗೂ ನೆಮ್ಮದಿ.

ಆಗದಿದ್ದರೆ ಫೈಲ್ ನೋಟ್‌ನಲ್ಲಿ ಏನು ಕಂಡಿರೋ ಅದನ್ನು ತಾರೀಕು ಹಾಕಿ ಬರೆಯಿರಿ. 'ನಕಲಿ' ಎಂದು ತೀರ್ಪು ಕೊಡಬೇಡಿ, 'ಸ್ಲಿಪ್‌ನಲ್ಲಿ ಇಷ್ಟು, ಖಾತೆಯಲ್ಲಿ ಇಷ್ಟು, ವಿವರಣೆ ಸಿಕ್ಕಿಲ್ಲ' ಅಂದರೆ ಸಾಕು. ಮ್ಯಾನೇಜರ್‌ಗೆ ಇದನ್ನೇ ಮೇಲ್ ಮಾಡಿ, ಹೇಗೆ ಮುಂದುವರಿಯಬೇಕು ಎಂದು ಕೇಳಿ. ಬಾಯಲ್ಲಿ 'ಕಳಿಸು' ಅಂದವರು ಬರವಣಿಗೆಯಲ್ಲಿ ಹಾಗೆ ಹೇಳುವುದು ಅಪರೂಪ. ಉತ್ತರ ಬರದಿದ್ದರೆ ಅಥವಾ ಒತ್ತಡ ಮುಂದುವರಿದರೆ ನಿಮ್ಮ ಸಂಸ್ಥೆಯಲ್ಲಿ ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಅಥವಾ ಆಂತರಿಕ ಆಡಿಟ್‌ನವರಿಗೆ ತಿಳಿಸಿ. ಗ್ರಾಹಕರ ದಾಖಲೆಗಳ ಫೋಟೋ ಮಾತ್ರ ನಿಮ್ಮ ಸ್ವಂತ ಫೋನಿಗೆ ಹಾಕಿಕೊಳ್ಳಬೇಡಿ, ಆಮೇಲೆ ತಪ್ಪು ನಿಮ್ಮದೇ ಆಗಿಬಿಡುತ್ತದೆ.

ಕೆಲಸದ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಸಾಲ ಮುಂದೆ ಕೆಟ್ಟರೆ ಫೈಲ್ ತೆರೆದು ಮೊದಲು ನೋಡುವುದು ಯಾರ ಸಹಿ ಇದೆ ಎಂದು. ಟಾರ್ಗೆಟ್ ಯಾರದ್ದಾಗಿತ್ತು ಎಂದು ಅಲ್ಲಿ ಬರೆದಿರುವುದಿಲ್ಲ.

ಪ್ರಶ್ನೆ: ದಿನವಿಡೀ ಎರಡು ಸ್ಕ್ರೀನ್ ಮುಂದೆ ಕೂತು ಸ್ಕ್ಯಾನ್ ಮಾಡಿದ ಹಳೆ ದಾಖಲೆ ಓದುತ್ತೇನೆ. ಕಣ್ಣು ಉರಿ, ಕುತ್ತಿಗೆ ನೋವು.

ಉತ್ತರ: 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ, ಕಣ್ಣಿನ ಡಾಕ್ಟರ್‌ಗಳು ಹೇಳುವ ಹಳೆಯ ಸಲಹೆ ಇದು. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ, ಉರಿಗೆ ಅದೂ ಒಂದು ಕಾರಣ. ಜಾಸ್ತಿ ಓದುವ ದಾಖಲೆ ನೇರ ಎದುರಿನ ಸ್ಕ್ರೀನ್‌ನಲ್ಲಿರಲಿ, ಪಕ್ಕದ್ದರಲ್ಲಿ ಬೇಡ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಮಸುಕಾದ ಸ್ಕ್ಯಾನ್ ಬಂದರೆ ಕಣ್ಣು ಕಿರಿದು ಮಾಡಿ ಓದುತ್ತಾ ಕೂರಬೇಡಿ, ವಾಪಸ್ ಕಳಿಸಿ ಚೆನ್ನಾಗಿರುವುದು ಕೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ. ಕೈಗೆ ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾನು ಸೇಲ್ಸ್‌ನಲ್ಲಿ. ಬಡ್ಡಿ ಕಡಿಮೆ ಇದ್ದಾಗ ನಾನೇ ನಂಬರ್ ಒನ್. ಬಡ್ಡಿ ಏರಿತು, ಈಗ ಫೋನೇ ಬರುವುದಿಲ್ಲ. ಇನ್ಸೆಂಟಿವ್ ಇಲ್ಲ. ನನ್ನಲ್ಲೇ ಏನೋ ಕಮ್ಮಿಯಾಗಿದೆ ಅನ್ನಿಸುತ್ತದೆ.

ಉತ್ತರ: ಅಮೆರಿಕದಲ್ಲಿ 30 ವರ್ಷದ ಗೃಹ ಸಾಲದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ ಶೇಕಡ 2.65 ಇತ್ತು. 2023ರ ಅಕ್ಟೋಬರ್ ಹೊತ್ತಿಗೆ 7.79 ಆಯಿತು. ಹಳೆ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಹೊಸದು ಮಾಡಿಸಿಕೊಳ್ಳುವವರು ಹೆಚ್ಚುಕಡಿಮೆ ಮಾಯವಾದರು, ಸಾವಿರಾರು ಲೋನ್ ಆಫೀಸರ್‌ಗಳು ಕೆಲಸ ಕಳೆದುಕೊಂಡರು. ಅವರೆಲ್ಲ ಒಟ್ಟಿಗೆ ದಡ್ಡರಾದರೇ? ಬಡ್ಡಿ ಏರುವುದು ಮಳೆ ನಿಂತ ಹಾಗೆ, ರೈತ ಎಷ್ಟು ಚೆನ್ನಾಗಿ ಉತ್ತಿದ್ದರೂ ಅದು ಅವನ ಕೈಯಲ್ಲಿಲ್ಲ. ನೀವು ನಂಬರ್ ಒನ್ ಆಗಿದ್ದರಲ್ಲೂ ಸ್ವಲ್ಪ ಪಾಲು ಬಡ್ಡಿಯದ್ದೇ. ಈ ಮಾತು ಕೇಳಲು ಕಷ್ಟ, ಆದರೆ ಇದನ್ನು ಒಪ್ಪಿಕೊಂಡರೆ ಈಗಿನ ಹಿನ್ನಡೆಯನ್ನೂ ಪೂರ್ತಿ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳುವುದು ತಪ್ಪುತ್ತದೆ.

ನಿಮ್ಮ ಮನೆ ಖರ್ಚು, ನಿಮ್ಮದೇ ಸಾಲದ ಕಂತು ಇದ್ದರೆ ಅದೂ, ಖಾಯಂ ಸಂಬಳದೊಳಗೆ ಬರುವ ಹಾಗೆ ನೋಡಿಕೊಳ್ಳಿ. ಇನ್ಸೆಂಟಿವ್ ನಂಬಿ ಕಂತು ಕಟ್ಟುವವರ ನಿದ್ದೆಗೆಟ್ಟ ಮುಖ ಈ ವೃತ್ತಿಯಲ್ಲಿ ನಾನು ಬಹಳ ನೋಡಿದ್ದೇನೆ. ದಿನದ ಕೊನೆಗೆ ಎಷ್ಟು ಲಾಗಿನ್ ಆಯಿತು ಎಂದು ಎಣಿಸುವ ಬದಲು ಎಷ್ಟು ಜನರಿಗೆ ಸರಿಯಾದ ಲೆಕ್ಕ ಹೇಳಿದೆ ಎಂದು ಎಣಿಸಿ, ಅದು ನಿಮ್ಮ ಕೈಯಲ್ಲಿದೆ. ಈಗ ಸಾಲ ಬೇಡ, ಸ್ವಲ್ಪ ಕಾಯಿರಿ ಎಂದು ನೀವೇ ಹೇಳಿ ಕಳಿಸಿದವರು ನಿಮ್ಮ ನಂಬರ್ ಇಟ್ಟುಕೊಂಡಿರುತ್ತಾರೆ.

ಪ್ರಶ್ನೆ: ನಾನು ಟೀಂ ಲೀಡರ್. ಒಳ್ಳೆಯ ಹುಡುಗರು ಕೆಲಸ ಬಿಟ್ಟು ಹೋಗುತ್ತಿದ್ದಾರೆ. ಎಚ್‌ಆರ್‌ನವರು ಒಂದು ಧ್ಯಾನದ ಸೆಷನ್ ಮಾಡಿಸಿದರು. ಏನೂ ಬದಲಾಗಲಿಲ್ಲ.

ಉತ್ತರ: ಧ್ಯಾನ ಒಳ್ಳೆಯದೇ. ಆದರೆ ಸೆಷನ್ ಮುಗಿಸಿ ಬಂದಾಗ ಅದೇ ಫೈಲ್ ರಾಶಿ ಕಾಯುತ್ತಿದ್ದರೆ ಏನು ಬದಲಾಗಬೇಕು ಹೇಳಿ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದನ್ನು, ಕಾಯಿಲೆ ಎಂದು ಹಾಕಲಿಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಹಾಕಿತು. ಮೂಲ ಕೆಲಸದ ಜಾಗದಲ್ಲಿದೆ ಎಂದಾದರೆ ಮದ್ದೂ ಅಲ್ಲೇ ಬೇಕಲ್ಲ. ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ ಮಾತು ನಿಮ್ಮ ತಂಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೆಲಸದ ಒತ್ತಡ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಎಂಬುದರಲ್ಲಿ ತನ್ನ ಮಾತು ನಡೆಯದಿದ್ದಾಗ ಮನುಷ್ಯ ಹೆಚ್ಚು ಬಳಲುತ್ತಾನೆ. ಒತ್ತಡ ಪೂರ್ತಿ ಇಳಿಸಲು ನಿಮ್ಮಿಂದ ಆಗದಿರಬಹುದು, ಆದರೆ ಮಾತು ನಡೆಯುವ ಹಾಗೆ ಮಾಡಬಹುದು.

ಅರ್ಧಂಬರ್ಧ ದಾಖಲೆ ಇರುವ ಫೈಲನ್ನು ಲಾಗಿನ್ ಹಂತದಲ್ಲೇ ವಾಪಸ್ ಕಳಿಸುವ ಅಧಿಕಾರ ಪ್ರೊಸೆಸಿಂಗ್‌ನವರಿಗೆ ಕೊಡಿ, ಸೇಲ್ಸ್‌ನವರು ಗಲಾಟೆ ಮಾಡಿದರೆ ನೀವು ಮಧ್ಯೆ ನಿಲ್ಲಿ. ಕ್ರೆಡಿಟ್‌ನವರು ಕ್ವೆರಿ, ಅಂದರೆ ಫೈಲ್ ಬಗ್ಗೆ ಪ್ರಶ್ನೆ, ಹಾಕುವಾಗ ಒಂದೊಂದಾಗಿ ನಾಲ್ಕು ದಿನ ಹಾಕದೆ ಒಂದೇ ಸಲಕ್ಕೆ ಎಲ್ಲವನ್ನೂ ಕೇಳಲಿ, ಇದೊಂದರಿಂದ ಎಷ್ಟು ಫೋನ್ ಕಮ್ಮಿಯಾಗುತ್ತದೆ ಎಂದು ನೀವೇ ನೋಡುತ್ತೀರಿ. ಒಬ್ಬರ ಕೈಯಲ್ಲಿ ಎಷ್ಟು ಫೈಲ್ ಎಂಬುದಕ್ಕೆ ಮಿತಿ ಇರಲಿ. ರಜೆ ಹಾಕಿದವರ ಫೈಲ್ ಯಾರು ನೋಡಬೇಕು ಎಂದು ಮೊದಲೇ ಬರೆದಿಡಿ, ಇಲ್ಲದಿದ್ದರೆ ರಜೆಯಲ್ಲೂ ಅವರೇ ಫೋನ್ ಎತ್ತುತ್ತಾರೆ. ತಪ್ಪು ಹಿಡಿದು ಫೈಲ್ ನಿಲ್ಲಿಸಿದವರನ್ನು ಎಲ್ಲರ ಮುಂದೆ ಮೆಚ್ಚಿಕೊಳ್ಳಿ. ಡಿಸ್ಬರ್ಸ್ ಆದಾಗ ಮಾತ್ರ ಚಪ್ಪಾಳೆ ಬಿದ್ದರೆ ಯಾವ ಹುಡುಗ ತಾನೇ ಫೈಲ್ ನಿಲ್ಲಿಸುತ್ತಾನೆ?

ಮೇಲಿನವರು ಇದಕ್ಕೆಲ್ಲ ಸಮಯವಿಲ್ಲ ಅಂದರೆ ಒಂದು ಅಂಕಿ ಮುಂದಿಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜು ಇದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇಕಡ 35 ಜಾಸ್ತಿ. ನಿಮ್ಮ ತಂಡದವರು ತಿಂಗಳ ಕೊನೆ ವಾರದಲ್ಲಿ ಎಷ್ಟು ಗಂಟೆ ಕೂರುತ್ತಾರೆ, ಉಳಿದ ವಾರಗಳಲ್ಲಿ ಎಷ್ಟು ಎಂದು ಲೆಕ್ಕ ಹಾಕಿ, ಅದನ್ನೂ ಪಕ್ಕದಲ್ಲಿ ಬರೆದು ಕೊಡಿ.

ಪ್ರಶ್ನೆ: ನನ್ನ ಯಜಮಾನರು ಗೃಹ ಸಾಲ ವಿಭಾಗದಲ್ಲಿದ್ದಾರೆ. ತಿಂಗಳ ಕೊನೆ ವಾರ ಮನೆಯಲ್ಲಿ ಮಾತೇ ಆಡುವುದಿಲ್ಲ. ಕೇಳಿದರೆ 'ಏನಿಲ್ಲ' ಅನ್ನುತ್ತಾರೆ. ನಾನು ಹೇಗೆ ನಡೆದುಕೊಳ್ಳಲಿ?

ಉತ್ತರ: ದಿನವಿಡೀ ಅವರನ್ನು ಕೇಳುವವರೇ ಎಲ್ಲ. 'ಏನಾಯ್ತು, ಯಾವಾಗ ಆಗುತ್ತೆ, ಯಾಕೆ ಆಗಲಿಲ್ಲ.' ಮನೆಗೆ ಬಂದ ತಕ್ಷಣ ನೀವು ಪ್ರೀತಿಯಿಂದ 'ಏನಾಯ್ತು' ಅಂದರೂ ಅವರ ಕಿವಿಗೆ ಅದು ಇನ್ನೊಂದು ಕ್ವೆರಿಯ ಹಾಗೇ ಕೇಳುತ್ತದೆ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬಂದ ಮೇಲೆ ಅರ್ಧ ಗಂಟೆ ಬಿಟ್ಟುಬಿಡಿ. ಆಮೇಲೆ ಜೊತೆಗೆ ಏನಾದರೂ ಕೈಗೆಲಸ ಮಾಡಿ, ಅಥವಾ ಒಂದು ಸುತ್ತು ನಡೆದು ಬನ್ನಿ. ಎದುರುಬದುರು ಕೂತಾಗ ಬಾರದ ಮಾತು ಪಕ್ಕದಲ್ಲಿ ನಡೆಯುವಾಗ ತಾನಾಗಿ ಬರುತ್ತದೆ. ಮನೆಯ ದೊಡ್ಡ ನಿರ್ಧಾರ, ಜಗಳಕ್ಕೆ ದಾರಿಯಾಗುವ ಲೆಕ್ಕಾಚಾರ ಇದ್ದರೆ ತಿಂಗಳ ಮೊದಲ ವಾರಕ್ಕೆ ಇಟ್ಟುಕೊಳ್ಳಿ.

ಹಾಗಂತ ಎಲ್ಲವನ್ನೂ ನೀವೇ ನುಂಗಿಕೊಂಡು ಕೂರಬೇಕಿಲ್ಲ. ಒಂದು ಬಿಡುವಿನ ದಿನ ನೋಡಿ ನೇರವಾಗಿ ಹೇಳಿ, 'ನೀವು ಮಾತಾಡದಿದ್ದಾಗ ನನಗೆ ಹೀಗಾಗುತ್ತದೆ' ಎಂದು. ಮೊದಲ ವಾರ ಬಂದ ಮೇಲೂ ಅವರು ಹಾಗೇ ಇದ್ದರೆ, ಇಷ್ಟವಾಗಿದ್ದ ಯಾವುದೂ ಈಗ ಬೇಡವಾಗಿದ್ದರೆ, ಬದುಕೇ ಸಾಕು ಎನ್ನುವ ಧಾಟಿಯ ಮಾತು ಒಂದೇ ಒಂದು ಸಲ ಬಂದರೂ, ಕಾಯಬೇಡಿ. ಅವರನ್ನು ಒಬ್ಬರನ್ನೇ ಬಿಡದೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಆಫೀಸಿಗೆ ಬೇಕಾದರೆ ನೀವೇ ಫೋನ್ ಮಾಡಿ ರಜೆ ಹೇಳಿ.